ಕಲ್ಲಿನ ಕೇಶವ, ಮಣ್ಣಿನ ಗಣಪ

ತುಮಕೂರು ಸೀಮೆ ಬೆಟ್ಟಗಳ ಸೀಮೆ. ಮಧುಗಿರಿ, ಪಾವಗಡ, ಮಿಡಿಗೇಶಿ, ಚನ್ನರಾಯನದುರ್ಗ, ದೇವರಾಯನದುರ್ಗ ಎಂದು ಹೆಸರು ಹೇಳುತ್ತ ಹೋದರೆ ಒಂದೊಂದೂ ಒಂದು ಕಲ್ಲುಗುಡ್ಡ; ಒಂದೊಂದು ಗುಡ್ಡದ ನೆತ್ತಿಯಲ್ಲಿಯೂ ಒಂದು ಕೋಟೆಯೋ ಗುಡಿಯೋ ಉಂಟು. ಈ ಜಿಲ್ಲೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಬೆಟ್ಟದ ಮೇಲಿನಿಂದಲೇ ಪ್ರಾರಂಭಿಸುತ್ತಾರೆ. ಯಾವ ಪಾಳೆಯಗಾರ ಯಾವ ದುರ್ಗವನ್ನು ಕಟ್ಟಿಸಿದ, ಮೈಸೂರಿನ ಚಿಕ್ಕದೇವರಾಜ ಒಡೆಯರು ಯಾವುದನ್ನು ಗೆದ್ದರು, ಹೈದರಾಲಿ ಯಾವುದನ್ನು ಬಲಪಡಿಸಿದ ಎಂಬುದೇ ಅದರ ಮುಖ್ಯ ವಿಷಯ. ಜಡಕನ ದುರ್ಗವೆಂದಿದ್ದ ಬೆಟ್ಟ ದೇವರಾಯನದುರ್ಗವಾದದ್ದು ಹೀಗೆ ಒಬ್ಬ ಅರಸನ ಗೆಲುವಿನಿಂದ. ಬೆಟ್ಟದ ಕೆಳಗೆ ಬಾಳಿದವರ ಕಥೆ ಬೇರೆ. ಅವರಿಗೆ ಬೇಕಾದದ್ದು ಕೋಟೆಯಲ್ಲ, ಕೆರೆ. ಆ ಕಥೆಯನ್ನು ತಿಳಿಯಬೇಕೆನ್ನುವವರು ಬೆಟ್ಟ ಹತ್ತಬೇಕಾದ್ದಿಲ್ಲ. ತುಮಕೂರಿನಿಂದ ಕುಣಿಗಲ್ಲಿನ ದಾರಿ ಹಿಡಿದು ಐದಾರು ಕಿಲೋಮೀಟರು ಹೋದರೆ ಸಾಕು. ಅಲ್ಲಿ ಗೂಳೂರು ಇದೆ.

ಗೂಳೂರು ಬೆಟ್ಟದ ಮೇಲಿನ ಊರಲ್ಲ, ಬೆಟ್ಟ ಕಾಣುವ ಊರು. ಬಾನು ತಿಳಿಯಾಗಿದ್ದ ದಿನ ಕೆರೆಯ ಏರಿಯ ಮೇಲೆ ನಿಂತರೆ ದಿಗಂತದಲ್ಲಿ ಬೆಟ್ಟಗಳ ನೀಲಿ ಗೆರೆ ತೋರುತ್ತದೆ. ದೂರದಲ್ಲಿ ಬೆಟ್ಟ, ಹತ್ತಿರದಲ್ಲಿ ತೆಂಗಿನ ತೋಟ, ನಡುವೆ ರಾಗಿಯ ಹೊಲ. ಹೋಬಳಿಯ ಮುಖ್ಯಸ್ಥಳವೆಂಬುದನ್ನು ಬಿಟ್ಟರೆ ದಾರಿಹೋಕನ ಕಣ್ಣನ್ನು ಹಿಡಿದು ನಿಲ್ಲಿಸುವಂಥದು ವರ್ಷದ ಮುಕ್ಕಾಲು ಪಾಲು ಅಲ್ಲಿ ಏನೂ ಇರುವುದಿಲ್ಲ. ಉಳಿದ ಕಾಲು ಪಾಲಿನಲ್ಲಿ ಮಾತ್ರ ಆ ಊರು ಬೇರೆ ಯಾವ ಊರೂ ಮಾಡದ ಕೆಲಸವೊಂದನ್ನು ಮಾಡುತ್ತದೆ. ಅದನ್ನು ಹೇಳುವ ಮೊದಲು ಪಕ್ಕದ ಊರಾದ ಕೈದಾಳಕ್ಕೆ ಹೋಗಿಬರಬೇಕು. ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಕೈದಾಳ ಗೂಳೂರಿನಿಂದ ಕಾಲ್ನಡಿಗೆಯಲ್ಲಿ ಹೋಗಬಹುದಾದಷ್ಟು ದೂರ. ಅಲ್ಲಿ ಚನ್ನಕೇಶವನ ಗುಡಿಯೂ ಗಂಗಾಧರೇಶ್ವರನ ಗುಡಿಯೂ ಇವೆ. ಕೇಶವನ ಮೂರ್ತಿಯನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಆಳೆತ್ತರದ ನಿಲುವು, ಒಡವೆಯ ಒಂದೊಂದು ಎಳೆಯೂ ಎಣಿಸಬರುವಂಥ ಕೆತ್ತನೆ. ಈ ಗುಡಿಯ ಚರಿತ್ರೆಗೆ ಆಧಾರ ಗಟ್ಟಿಯಾದುದು. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು, ಕೈದಾಳದ ಶಾಸನ ಅದರಲ್ಲಿ ಸೇರಿದೆ. ಹೊಯ್ಸಳ ನರಸಿಂಹನ ಸಾಮಂತನಾಗಿ ಈ ನಾಡನ್ನು ಆಳುತ್ತಿದ್ದ ಬಾಚಿ ಎಂಬವನು ಕ್ರಿ.ಶ. ೧೧೫೦-೫೧ರ ಸುಮಾರಿನಲ್ಲಿ ಇಲ್ಲಿ ದೇವಾಲಯಗಳನ್ನು ಕಟ್ಟಿಸಿದನು. ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಎಂದು ಭೇದವೆಣಿಸದೆ ಗುಡಿಗಳನ್ನೆತ್ತಿಸಿದ್ದೂ ಕೆರೆಗಳನ್ನು ಕಟ್ಟಿಸಿದ್ದೂ ಅವನ ಕೀರ್ತಿಯ ಭಾಗ. ‘ಗೂಳಿಬಾಚಿ’ ಎಂದೂ ಅವನನ್ನು ಕರೆಯುವುದುಂಟು. ಈ ಹೆಸರಿನಲ್ಲಿ ‘ಗೂಳಿ’ ಇದೆ, ಆ ಊರಿನ ಹೆಸರಿನಲ್ಲಿಯೂ ‘ಗೂಳಿ’ ಕೇಳಿಸುತ್ತದೆ. ಆದರೆ ಎರಡು ಹೆಸರುಗಳ ಹೋಲಿಕೆಯೊಂದರಿಂದಲೇ ಚರಿತ್ರೆಯನ್ನು ಕಟ್ಟುವುದು ಸಲ್ಲ.

ಶಾಸನ ಹೇಳುವುದು ಇಷ್ಟಾದರೆ ಜನ ಹೇಳುವುದು ಬೇರೆ. ಜನರ ಬಾಯಲ್ಲಿ ಕೈದಾಳ ಜಕಣಾಚಾರಿಯ ಹುಟ್ಟೂರು. ಎಳೆಯ ಹೆಂಡತಿಯನ್ನು ಬಿಟ್ಟು ಊರೂರು ತಿರುಗಿ ಗುಡಿಗಳನ್ನು ಕಟ್ಟಿದ ಆ ಶಿಲ್ಪಿ ಬೇಲೂರಿನಲ್ಲಿ ಮೂರ್ತಿ ಮಾಡುತ್ತಿದ್ದಾಗ ಒಬ್ಬ ಹುಡುಗ ಬಂದು ಆ ಕಲ್ಲಿನಲ್ಲಿ ದೋಷವಿದೆಯೆಂದನಂತೆ. ಗಂಧ ಬಳಿದು ನೋಡಿದರೆ ಹೊಕ್ಕುಳ ಬಳಿ ಮಾತ್ರ ಗಂಧ ಒಣಗಲಿಲ್ಲ. ಅಲ್ಲಿ ಕೊರೆದಾಗ ಒಳಗೆ ನೀರೂ ಕಪ್ಪೆಯೂ ಇದ್ದವು. ಮಾತಿಗೆ ಕಟ್ಟುಬಿದ್ದು ಜಕಣ ತನ್ನ ಬಲಗೈಯನ್ನು ಕಡಿದುಕೊಂಡ. ಹುಡುಗ ಅವನ ಮಗ ಡಂಕಣನೇ ಎಂಬುದು ಆಮೇಲೆ ತಿಳಿಯಿತು. ಹುಟ್ಟಿದೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಹೋದ ಕೈ ಮರಳಿ ಬಂದುದರಿಂದ ಊರು ಕೈದಾಳವಾಯಿತು. ಈ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗು ಇಲ್ಲವೆಂದೇ ಹೇಳಬಹುದು. ಬೇಲೂರಿನ ವಿಗ್ರಹಗಳ ಪೀಠಗಳಲ್ಲಿ ಕಾಣುವ ಹೆಸರುಗಳಾದರೋ ಜಕಣನದೂ ಅಲ್ಲ, ಡಂಕಣನದೂ ಅಲ್ಲ; ಅಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರು. ತಂದೆಮಕ್ಕಳಿಬ್ಬರೂ ಒಂದೇ ಗುಡಿಯಲ್ಲಿ ಉಳಿ ಹಿಡಿದಿದ್ದರೆಂಬ ಮಾತು ಮಾತ್ರ ಕಥೆಯಲ್ಲಿಯೂ ನಿಜ, ಕಲ್ಲಿನಲ್ಲಿಯೂ ನಿಜ.

ಕೈದಾಳದಲ್ಲಿ ನಮಗೆ ಸಿಕ್ಕುವುದು ಹೀಗೆ ಒಬ್ಬ ಒಡೆಯನ ಹೆಸರು, ಒಂದು ತೇದಿ, ಒಬ್ಬ ಶಿಲ್ಪಿಯ ಐತಿಹ್ಯ. ಗುಡಿಗೆ ಭೂಮಿ ಕೊಟ್ಟವನು ಒಬ್ಬ. ಅವನ ವಂಶ ಅಳಿಯಿತು, ಅವನಿಗೆ ಮೇಲಾಗಿದ್ದ ಹೊಯ್ಸಳರೂ ಅಳಿದರು. ಗುಡಿ ನಿಂತಿದೆ. ಅದು ನಿಂತಿರುವುದಕ್ಕೆ ಕಲ್ಲಿನ ಗಟ್ಟಿತನವೂ ಊರವರ ಭಕ್ತಿಯೂ ಕಾರಣ. ಬೇರೆ ಬೇರೆ ಕಡೆಗಳಲ್ಲಿ ಇದೇ ಕಾಲದ ಎಷ್ಟೋ ಗುಡಿಗಳು ಒಡೆಯನಿಲ್ಲದೆ, ಪೂಜೆಯಿಲ್ಲದೆ, ಹುತ್ತ ಬೆಳೆದು ಹಾಳಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಲ್ಲು ಬಹಳ ಕಾಲ ಬಾಳುತ್ತದೆ ಸರಿ. ಆದರೆ ಅದು ತನ್ನನ್ನು ತಾನು ನೋಡಿಕೊಳ್ಳಲಾರದು.

ಈಗ ಗೂಳೂರಿಗೆ ಬರೋಣ. ಅಲ್ಲಿನ ದೇವರು ಕಲ್ಲಲ್ಲ, ಮಣ್ಣು. ಪ್ರತಿವರ್ಷ ಹುಟ್ಟಿ ಪ್ರತಿವರ್ಷ ಕರಗಿಹೋಗುವ ಮಹಾಗಣಪತಿ. ಉಳಿದ ಊರುಗಳಲ್ಲಿ ಭಾದ್ರಪದ ಶುದ್ಧ ಚೌತಿಯ ದಿನ ಗಣಪ ಸಿದ್ಧನಾಗಿ ಮನೆಗೆ ಬರುತ್ತಾನೆ. ಮೂರೋ ಐದೋ ಒಂಬತ್ತೋ ದಿನ ಕುಳಿತು ಹೊರಡುತ್ತಾನೆ. ಗೂಳೂರಿನಲ್ಲಿ ಚೌತಿಯ ದಿನ ಗಣಪ ಬರುವುದಿಲ್ಲ. ಅಂದು ಊರ ಕೆರೆಯಿಂದ ಮಣ್ಣು ಬರುತ್ತದೆ. ಆ ಮಣ್ಣಿಗೆ ಪೂಜೆಯಾಗಿ ಕೆಲಸ ಮೊದಲಾಗುತ್ತದೆ. ಮೂರ್ತಿ ಸಿದ್ಧವಾಗಿ ಪ್ರತಿಷ್ಠೆಯಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ. ಪಂಚಾಂಗ ಹಿಡಿದು ಎಣಿಸಿದರೆ ಈ ನಡುವೆ ಎಂಟು ವಾರ ಕಳೆಯುತ್ತವೆ. ಬಲಿಪಾಡ್ಯಮಿಯೆಂದರೆ ಕಾರ್ತಿಕದ ಮೊದಲ ದಿನವೇ ಆದ್ದರಿಂದ ಅಲ್ಲಿಂದ ಮಾಸ ಪೂರ್ತಿ ಪೂಜೆ. ಕಾರ್ತಿಕ ಮುಗಿದ ಮೇಲೆ ಜಾತ್ರೆ, ಮೆರವಣಿಗೆ, ಮತ್ತೆ ಅದೇ ಕೆರೆಯಲ್ಲಿ ವಿಸರ್ಜನೆ. ಅಂತೂ ಮಣ್ಣು ಕೆರೆಯಿಂದೆದ್ದು ಕೆರೆಗೆ ಮರಳುವ ಹೊತ್ತಿಗೆ ಸುಮಾರು ಮೂರು ತಿಂಗಳು, ಎಂದರೆ ವರ್ಷದ ಕಾಲು ಪಾಲು, ಆಗಿರುತ್ತದೆ.

ಇಷ್ಟು ಕಾಲ ಏತಕ್ಕೆ ಎಂದು ಪಟ್ಟಣದವರಿಗೆ ಅನ್ನಿಸಬಹುದು. ಮೂರ್ತಿಯ ಎತ್ತರ ಹತ್ತು ಹನ್ನೆರಡು ಅಡಿ. ಅಷ್ಟು ಮಣ್ಣನ್ನು ಒಂದೇ ಸಲ ಏರಿಸಿದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಬೇಗ ಒಣಗಿಸಿದರೆ ಬಿರಿಯುತ್ತದೆ. ಮಣ್ಣನ್ನು ಕಲಸಿ, ತುಳಿದು, ಹದಕ್ಕೆ ತಂದು, ಒಂದು ಪದರ ಆರಿದ ಮೇಲೆ ಮತ್ತೊಂದನ್ನು ಹತ್ತಿಸಬೇಕು. ಅದೂ ಯಾವ ಕಾಲದಲ್ಲಿ? ತುಮಕೂರಿನ ಕಡೆ ವರ್ಷದ ಒಳ್ಳೆಯ ಮಳೆ ಬೀಳುವುದೇ ಸೆಪ್ಟೆಂಬರು-ಅಕ್ಟೋಬರಿನಲ್ಲಿ. ಗಾಳಿಯಲ್ಲಿ ತೇವ ತುಂಬಿರುವ ಆ ದಿನಗಳಲ್ಲಿ ಮಣ್ಣನ್ನು ಅವಸರಪಡಿಸಲು ಯಾರಿಂದಲೂ ಆಗದು. ಇನ್ನೊಂದು ಕಡೆಯಿಂದ ನೋಡಿದರೆ ಇದು ರೈತನಿಗೆ ಒಗ್ಗುವ ಕಾಲವೇ. ರಾಗಿಯ ಕಳೆ ತೆಗೆದಾಗಿರುತ್ತದೆ, ಕೊಯ್ಲು ಇನ್ನೂ ಬಂದಿರುವುದಿಲ್ಲ. ಪೈರು ತೆನೆಗಟ್ಟುವ ಹೊತ್ತಿಗೆ ಮೂರ್ತಿಯೂ ರೂಪುಗೊಳ್ಳುತ್ತದೆ. ಜಾತ್ರೆ ಮುಗಿಯುವ ವೇಳೆಗೆ ಅವರೆಕಾಯಿಗೆ ಸೊಗಡು ಬಂದಿರುತ್ತದೆ, ಕಣ ಸಾರಿಸುವ ಕೆಲಸ ಕಾದಿರುತ್ತದೆ. ಹಬ್ಬವೂ ಬೇಸಾಯವೂ ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ನಡೆದ ಹಾಗೆ.

ನಾನು ಗೂಳೂರಿಗೆ ಹಲವು ಸಲ ಹೋಗಿದ್ದೇನೆ. ನನಗೆ ಹೆಚ್ಚು ಇಷ್ಟವಾದದ್ದು ಜಾತ್ರೆಯ ದಿನವಲ್ಲ, ಮೂರ್ತಿ ಇನ್ನೂ ಅರ್ಧವಾಗಿರುವ ದಿನಗಳು. ಸೊಂಡಿಲು ಇನ್ನೂ ಮೂಡಿರುವುದಿಲ್ಲ, ಹೊಟ್ಟೆ ಮಾತ್ರ ತುಂಬಿಕೊಂಡಿರುತ್ತದೆ. ಶಾಲೆ ಬಿಟ್ಟ ಹುಡುಗರು ಚೀಲ ಸಮೇತ ಬಂದು ನಿಂತು ನಿನ್ನೆಗಿಂತ ಇವತ್ತು ಎಷ್ಟು ಬೆಳೆದಿದೆಯೆಂದು ಲೆಕ್ಕ ಹಾಕುತ್ತಾರೆ. ಹೊಲದಿಂದ ಹಿಂದಿರುಗುವವರು ಹುಲ್ಲಿನ ಹೊರೆಯನ್ನು ಇಳಿಸದೆಯೇ ಒಂದು ಗಳಿಗೆ ನಿಂತು ನೋಡಿ ಹೋಗುತ್ತಾರೆ. ಬಸ್ಸಿಗೆ ಕಾಯುವವರಿಗೆ ಮಾತಿಗೆ ಒಂದು ವಿಷಯ ಸಿಕ್ಕಿರುತ್ತದೆ. ಮಳೆ, ತೆಂಗಿನಕಾಯಿಯ ಧಾರಣೆ, ಗಣಪನ ಕಿವಿ. ಸಿದ್ಧವಾದ ದೇವರ ಮುಂದೆ ಮನುಷ್ಯ ಕೈಮುಗಿಯುತ್ತಾನೆ. ಸಿದ್ಧವಾಗುತ್ತಿರುವ ದೇವರ ಮುಂದೆ ಅವನು ಅಭಿಪ್ರಾಯ ಹೇಳುತ್ತಾನೆ. ಈ ಎರಡನೆಯದರಲ್ಲಿ ಒಂದು ಬಗೆಯ ಸಲಿಗೆ ಇದೆ. ಅದು ಊರಿನ ಬೀದಿಗೆ ಬರುವುದು ಕೆಲಸ ಎಲ್ಲರ ಕಣ್ಣೆದುರಿಗೆ ನಡೆಯುವುದರಿಂದ.

ಈ ಆಚರಣೆ ಹೇಗೆ ಪ್ರಾರಂಭವಾಯಿತೆಂಬುದಕ್ಕೆ ಊರವರು ಹೇಳುವ ಕಥೆ ಭೃಗು ಮಹರ್ಷಿಯದು. ತೀರ್ಥಯಾತ್ರೆಗೆ ಹೊರಟ ಋಷಿ ಚೌತಿಯ ಹೊತ್ತಿಗೆ ಇಲ್ಲಿಗೆ ಬಂದನಂತೆ. ಪೂಜೆಗೆ ಮೂರ್ತಿಯಿಲ್ಲದೆ ಕೆರೆಯ ಮಣ್ಣನ್ನೇ ತೆಗೆದು ಗಣಪನನ್ನು ಮಾಡಿದನಂತೆ. ಚರಿತ್ರೆಯ ವಿದ್ಯಾರ್ಥಿ ಇದಕ್ಕೆ ತೇದಿ ಕೇಳಬಾರದು. ಆದರೆ ಕಥೆಯ ಒಳಗಿನ ಮಾತನ್ನು ಗಮನಿಸಬೇಕು. ಇಲ್ಲಿ ಕೊಟ್ಟವನು ಅರಸನಲ್ಲ, ಸಾಮಂತನಲ್ಲ. ಚಿನ್ನವಿಲ್ಲ, ದತ್ತಿಯಿಲ್ಲ, ಶಾಸನವಿಲ್ಲ. ಬಂದವನು ದಾರಿಹೋಕ, ಅವನಿಗೆ ಸಿಕ್ಕಿದ್ದು ಊರಿನವರೆಲ್ಲರಿಗೂ ಸೇರಿದ ಕೆರೆಯ ಮಣ್ಣು. ಕೈದಾಳದ ಕಥೆಯಲ್ಲಿ ಕಲ್ಲಿನ ದೋಷವೊಂದು ಶಿಲ್ಪಿಯ ಕೈಯನ್ನೇ ತೆಗೆಯಿತು. ಮಣ್ಣಿನಲ್ಲಿ ದೋಷ ಕಂಡರೆ ಒದ್ದೆ ಕೈಯಿಂದ ಸವರಿ ಸರಿಮಾಡಿಕೊಳ್ಳುತ್ತಾರೆ. ಪಕ್ಕಪಕ್ಕದ ಎರಡು ಊರುಗಳು ಎರಡು ಬಗೆಯಾಗಿ ತಮ್ಮ ದೇವರನ್ನು ನೆನೆದಿವೆ.

ಗಣಪತಿಯನ್ನು ಮನೆಯಿಂದ ಬೀದಿಗೆ ತಂದದ್ದು ಲೋಕಮಾನ್ಯ ತಿಲಕರು ಎಂಬುದು ನಮ್ಮ ಪಾಠಪುಸ್ತಕಗಳ ಮಾತು. ೧೮೯೩ರಲ್ಲಿ ಪುಣೆಯಲ್ಲಿ ಅವರು ಅದಕ್ಕೆ ಸಾರ್ವಜನಿಕ ಉತ್ಸವದ ರೂಪ ಕೊಟ್ಟದ್ದು ನಿಜ. ಅದರ ಪ್ರಭಾವ ಕರ್ನಾಟಕದ ಪೇಟೆ ಪಟ್ಟಣಗಳಲ್ಲೆಲ್ಲ ಹರಡಿದ್ದೂ ನಿಜ. ಅಲ್ಲಿ ಉದ್ದೇಶ ಸ್ಪಷ್ಟವಾಗಿತ್ತು. ಪರಕೀಯ ಸರಕಾರದ ಕಣ್ಣೆದುರಿಗೆ ಜನ ಒಟ್ಟುಗೂಡಲು ಒಂದು ನೆಪ ಬೇಕಾಗಿತ್ತು. ಭಾಷಣ, ಮೇಳ, ಪದಗಳು ಅದರೊಡನೆ ಬಂದವು. ಗೂಳೂರಿನ ಗಣಪನ ಬಗೆ ಇದಲ್ಲ. ಅವನ ಕಾಲ ಚೌತಿಯ ಕಾಲವಲ್ಲ, ಕಾರ್ತಿಕದ ಕಾಲ; ಅವನ ಲಕ್ಷಣ ಉತ್ಸವದ್ದಲ್ಲ, ಊರಹಬ್ಬದ್ದು. ಉತ್ಸವಕ್ಕೆ ಸಮಿತಿ ಸಾಕು, ಊರಹಬ್ಬಕ್ಕೆ ಊರೇ ಬೇಕು.

ಊರು ಎಂದರೆ ಯಾರು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಗೂಳೂರಿನಲ್ಲಿ ಈ ಕಾರ್ಯ ಹದಿನೆಂಟು ಕೋಮಿನವರು ಸೇರಿ ನಡೆಸುವುದೆಂಬ ಮಾತು ರೂಢಿಯಲ್ಲಿದೆ. ಹದಿನೆಂಟು ಎಂಬ ಈ ಎಣಿಕೆ ಹಳೆಯ ಮೈಸೂರಿನ ಸಮಾಜಕ್ಕೆ ಚಿರಪರಿಚಿತವಾದುದು. ೧೮೦೦ರಲ್ಲಿ ಈ ಸೀಮೆಯಲ್ಲೆಲ್ಲ ಸಂಚರಿಸಿ ಗುಬ್ಬಿಯ ಸಂತೆಯ ವ್ಯಾಪಾರವನ್ನು ಕಂಡು ಬರೆದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಬಲಗೈ ಪಂಗಡದ ಹದಿನೆಂಟು, ಎಡಗೈ ಪಂಗಡದ ಒಂಬತ್ತು ಜಾತಿಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಹದಿನೆಂಟು ಫಣ, ಒಂಬತ್ತು ಫಣ ಎಂದು ಅವಕ್ಕೆ ಹೆಸರು. ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರು ಕುದುರೆಯೇರಬಹುದು, ಯಾರ ಮದುವೆಗೆ ಎಷ್ಟು ಕಂಬದ ಚಪ್ಪರ ಎಂಬ ಸಣ್ಣ ಸಣ್ಣ ವಿಷಯಗಳಿಗಾಗಿ ಈ ಪಂಗಡಗಳು ಬಡಿದಾಡಿಕೊಂಡದ್ದುಂಟು. ಆದುದರಿಂದ ‘ಹದಿನೆಂಟು ಕೋಮು’ ಎಂಬ ಮಾತನ್ನು ಕೇಳಿದೊಡನೆಯೇ ಹಿಂದಿನ ಕಾಲದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತಿದ್ದರು ಎಂದು ಭಾವಿಸುವುದು ಸರಿಯಲ್ಲ. ಹಳ್ಳಿಯ ಬೀದಿಯಲ್ಲಿ ಎಲ್ಲರಿಗೂ ಜಾಗವಿತ್ತು; ಆದರೆ ಎಲ್ಲರಿಗೂ ಒಂದೇ ಜಾಗವಿರಲಿಲ್ಲ.

ಹೀಗಿದ್ದೂ ಮಣ್ಣಿನ ಗಣಪನಲ್ಲಿ ಒಂದು ವಿಶೇಷವುಂಟು. ಕಲ್ಲಿನ ಗುಡಿಯ ಹಕ್ಕುಬಾಧ್ಯತೆಗಳು ಒಮ್ಮೆ ಕಲ್ಲಿನ ಮೇಲೆ ಕೆತ್ತಿದರೆ ಮುಗಿಯಿತು. ‘ಆಚಂದ್ರಾರ್ಕ’ ಎಂದು ಬರೆದು ಬದಲಾವಣೆಯ ಬಾಗಿಲು ಹಾಕಿಬಿಡುತ್ತಿದ್ದರು. ಮಣ್ಣಿನ ಮೂರ್ತಿಯ ಒಪ್ಪಂದವಾದರೋ ಪ್ರತಿವರ್ಷ ಹೊಸದಾಗಿ ಆಗಬೇಕು. ಹೋದ ವರ್ಷದ ಗಣಪ ಕೆರೆಯಲ್ಲಿ ಕರಗಿದ ಮೇಲೆ ಈ ವರ್ಷ ಊರು ಮತ್ತೆ ಕೂಡಬೇಕು, ಮಾತಾಡಬೇಕು, ಮುನಿದವರನ್ನು ಕರೆಯಬೇಕು. ಒಂದು ವರ್ಷ ಯಾರೂ ಕೂಡಲಿಲ್ಲವೆನ್ನಿ, ಗಣಪನೇ ಇಲ್ಲ. ಕಲ್ಲಿನ ದೇವರು ಪೂಜೆಯಿಲ್ಲದೆಯೂ ಇದ್ದಾನು, ಮಣ್ಣಿನ ದೇವರು ಜನರಿಲ್ಲದೆ ಇರಲಾರ. ಕೂಡುವ ರೀತಿಯನ್ನು ಹಿಂದಿಗಿಂತ ಹೆಚ್ಚು ನ್ಯಾಯವಾಗಿ ಮಾಡಿಕೊಳ್ಳುವುದಕ್ಕೂ ವರ್ಷಕ್ಕೊಮ್ಮೆ ಅವಕಾಶವಿದೆಯೆಂಬುದು ಈ ಸಂಪ್ರದಾಯದ ದೊಡ್ಡ ಗುಣವೆಂದು ನನಗೆ ತೋರುತ್ತದೆ.

ಇದಕ್ಕೆಲ್ಲ ಆಧಾರ ಕೆರೆ. ಮೈಸೂರು ದೇಶದ ಬಯಲುಸೀಮೆಯ ಊರಿಗೆ ಕೆರೆ ಬರಿಯ ನೀರಿನ ಪಾತ್ರೆಯಲ್ಲ. ಏರಿ ದಾರಿಯಾಗುತ್ತಿತ್ತು, ಕೋಡಿ ಬಿದ್ದ ದಿನ ಹಬ್ಬವಾಗುತ್ತಿತ್ತು, ತೂಬಿನ ಹೊಣೆ ನೀರುಗಂಟಿಯದಾಗಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಕೊಳವೆಬಾವಿಗಳು ಬಂದ ಮೇಲೆ ರೈತನ ಕಣ್ಣು ಕೆರೆಯಿಂದ ತನ್ನ ತೋಟದೊಳಕ್ಕೆ ತಿರುಗಿತು. ಎಷ್ಟೋ ಕೆರೆಗಳು ಊರಿನ ಬೆನ್ನಿಗೆ ಬಿದ್ದವು. ಗೂಳೂರಿನ ಕಡೆ ಇನ್ನೊಂದು ಬದಲಾವಣೆಯೂ ಆಗಿದೆ. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿಯ ನೀರು ನಾಲೆಗಳಲ್ಲಿ ತುಮಕೂರು ಜಿಲ್ಲೆಯ ಕಡೆಗೆ ಹೊರಟಿತು. ಆ ನೀರನ್ನೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವುದಕ್ಕಾಗಿ ಗೂಳೂರು-ಹೆಬ್ಬೂರು ಏತ ನೀರಾವರಿ ಯೋಜನೆ ಬಂದಿತು. ಮೂಡಿಗೆರೆಯ ಕಡೆ ಸಹ್ಯಾದ್ರಿಯಲ್ಲಿ ಹುಟ್ಟುವ ಹೊಳೆಗೂ ಈ ಬಯಲಿನ ಕೆರೆಗಳಿಗೂ ಹೀಗೆ ಸಂಬಂಧ ಬೆಳೆಯಿತು. ಅರಸರ ಕಾಲದಲ್ಲಿ ಬೆಟ್ಟದಿಂದ ಇಳಿದು ಬರುತ್ತಿದ್ದುದು ದಂಡು. ಈಗ ಬರುತ್ತಿರುವುದು ನೀರು.

ಗಣಪನಿಗೆ ಬೇಕಾಗುವಷ್ಟು ಮಣ್ಣು ತೆಗೆದರೆ ಕೆರೆಯ ಹೂಳು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಆ ನೆಪದಿಂದ ಊರು ವರ್ಷಕ್ಕೆ ಎರಡು ಸಲ, ತರುವಾಗ ಒಮ್ಮೆ, ಬಿಡುವಾಗ ಒಮ್ಮೆ, ತನ್ನ ಕೆರೆಯ ಅಂಚಿಗೆ ಇಳಿಯುತ್ತದೆ. ನೀರು ಎಲ್ಲಿಯವರೆಗೆ ಬಂದಿದೆ, ಅಂಚಿನಲ್ಲಿ ಏನು ಬಂದು ಬಿದ್ದಿದೆ, ಯಾರು ಎಷ್ಟು ಒತ್ತುವರಿ ಮಾಡಿದ್ದಾರೆ ಎಂಬುದು ಅವರ ಕಣ್ಣಿಗೆ ಬೀಳುತ್ತದೆ. ಶುದ್ಧವಾದ ಮಣ್ಣು ಬೇಕಾದರೆ ಕೆರೆ ಶುದ್ಧವಾಗಿರಬೇಕು. ರಾಸಾಯನಿಕ ಬಣ್ಣದ, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪಗಳು ಕೆರೆಕುಂಟೆಗಳನ್ನು ಕೆಡಿಸುತ್ತಿವೆಯೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೬ರಲ್ಲಿ ಅಂಥ ಮೂರ್ತಿಗಳನ್ನು ನಿಷೇಧಿಸಬೇಕಾಯಿತು. ಆ ಆಜ್ಞೆ ಹೇಳಿದ್ದನ್ನು ಗೂಳೂರು ಆಜ್ಞೆಯಿಲ್ಲದೆಯೇ ಮಾಡಿಕೊಂಡು ಬಂದಿದೆ.

ಜಾತ್ರೆಯ ವಿಷಯ ನಾಲ್ಕು ಮಾತು. ಕಾರ್ತಿಕದ ಸಂಜೆಗಳಲ್ಲಿ ಒಂದೊಂದಾಗಿ ಹಚ್ಚಿಟ್ಟ ಹಣತೆಗಳೆಲ್ಲ ಜಾತ್ರೆಯ ರಾತ್ರಿ ಒಟ್ಟಿಗೆ ಬೀದಿಗಿಳಿದಂತೆ ತೋರುತ್ತದೆ. ಅಷ್ಟು ದೊಡ್ಡ ಮಣ್ಣಿನ ಮೂರ್ತಿಯನ್ನು ಅಲುಗದಂತೆ, ಬಿರಿಯದಂತೆ ಹೊರಗೆ ತಂದು ಮೆರೆಸುವುದು ಸಾಮಾನ್ಯ ಕೆಲಸವಲ್ಲ. ಮುಂದೆ ವಾದ್ಯಗಳು, ಕುಣಿತಗಳು, ಹಿಂದೆ ಸುತ್ತಮುತ್ತಣ ಹಳ್ಳಿಗಳ ಜನ, ತುಮಕೂರಿನಿಂದ ಬಂದ ನಮ್ಮಂಥವರು, ಮೇಲೆ ಬಾಣಬಿರುಸು. ಬೆಂಡು ಬತ್ತಾಸು, ಕಡಲೆಪುರಿ, ಬಳೆಯಂಗಡಿ. ಮಗಳನ್ನು ಕೊಟ್ಟ ಊರಿನಿಂದ ಬೀಗರು ಬರುತ್ತಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಎರಡು ದಿನ ರಜ ಹಾಕಿ ಬರುತ್ತಾನೆ. ಕೊನೆಗೆ ಕೆರೆ. ಮೂರು ತಿಂಗಳ ಕೆಲಸ ನೀರಿಗಿಳಿಯುವಾಗ ಒಂದು ಕ್ಷಣ ಗದ್ದಲವೆಲ್ಲ ತಗ್ಗುತ್ತದೆ; ಆಮೇಲೆ ಜನ ಮನೆಯ ದಾರಿ ಹಿಡಿಯುತ್ತಾರೆ. ದುಃಖಪಟ್ಟವರನ್ನು ನಾನು ಕಾಣೆ. ಮಣ್ಣು ಎಲ್ಲಿಯೂ ಹೋಗಿಲ್ಲವೆಂಬುದು ಅವರಿಗೆ ಗೊತ್ತಿದೆ.

ತುಮಕೂರು ನಗರ ಕುಣಿಗಲ್ ರಸ್ತೆಯ ಉದ್ದಕ್ಕೂ ಗೂಳೂರಿನ ಕಡೆಗೆ ಬೆಳೆಯುತ್ತಿದೆ. ರಾಗಿಯ ಹೊಲಗಳಲ್ಲಿ ನಿವೇಶನದ ಕಲ್ಲುಗಳು ನಿಲ್ಲುತ್ತಿವೆ. ಹೊಸ ಮನೆಗಳಿಗೆ ಬಂದ ನಮ್ಮಂಥ ಸಂಬಳದವರಿಗೆ ಕೆರೆ ಒಂದು ನೋಟ, ಗಣಪ ಒಂದು ರಜದ ದಿನ. ಹದಿನೆಂಟು ಕೋಮಿನ ಲೆಕ್ಕದಲ್ಲಿ ನಾವು ಎಲ್ಲಿಯೂ ಸೇರುವುದಿಲ್ಲ. ಹತ್ತೊಂಬತ್ತನೆಯ ಕೋಮಾಗಿ ನಾವೂ ಸೇರಿಕೊಳ್ಳುತ್ತೇವೆಯೋ, ಅಥವಾ ಮೆರವಣಿಗೆಯಿಂದ ವಾಹನ ಸಂಚಾರಕ್ಕೆ ಅಡ್ಡಿಯಾಯಿತೆಂದು ಗೊಣಗುವ ನೋಡುಗರಾಗಿ ಉಳಿಯುತ್ತೇವೆಯೋ ಎಂಬುದರ ಮೇಲೆ ಮುಂದಿನ ಚರಿತ್ರೆ ನಿಂತಿದೆ. ಕೈದಾಳದ ಕೇಶವನನ್ನು ಕಾಪಾಡುವುದು ಹೆಚ್ಚು ಕಷ್ಟವಲ್ಲ. ಗೋಡೆಯ ಬಿರುಕಿಗೆ ಗಾರೆ, ಬಾಗಿಲಿಗೆ ಒಂದು ಬೀಗ, ಒಬ್ಬ ಕಾವಲುಗಾರ ಸಾಕು. ಗೂಳೂರಿನ ಗಣಪನನ್ನು ಯಾವ ಇಲಾಖೆಯೂ ಬೀಗ ಹಾಕಿ ಕಾಪಾಡಲಾರದು.

ವಾಚಕರಲ್ಲಿ ಒಂದು ಅರಿಕೆ. ಜಾತ್ರೆಯ ದಿನಕ್ಕಾಗಿ ಕಾಯಬೇಡಿ. ನವರಾತ್ರಿಗೂ ದೀಪಾವಳಿಗೂ ನಡುವೆ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ. ದಾರಿಯಲ್ಲಿ ಕೈದಾಳಕ್ಕೂ ಹೋಗಿ ಕೇಶವನನ್ನು ನೋಡಿ. ಆಮೇಲೆ ಗೂಳೂರಿಗೆ ಬಂದು, ಇನ್ನೂ ಮುಖ ಮೂಡದ ಆ ಮಣ್ಣಿನ ಮುಂದೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಪಕ್ಕದಲ್ಲಿ ನಿಂತ ಶಾಲೆಯ ಹುಡುಗನನ್ನು ಕೇಳಿದರೆ ಸಾಕು, ಇನ್ನು ಎಷ್ಟು ದಿನದ ಕೆಲಸ ಉಳಿದಿದೆಯೆಂಬುದನ್ನು ಅವನೇ ಹೇಳುತ್ತಾನೆ.